ಹೆಸರು ಅವರದು ಅಂದ ಮಾತ್ರಕ್ಕೆ ಕಂಡುಹಿಡಿದದ್ದೂ ಅವರೇನಾ?

ಬೆಳಕಿನಕಿಂಡಿ

ಹೈಸ್ಕೂಲು ಮಕ್ಕಳ ರಸಪ್ರಶ್ನೆಗೆ ಪ್ರಶ್ನೆ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಒಂದು ಸುತ್ತು ಪೂರ್ತಿ ವಿಜ್ಞಾನಿಗಳ ಹೆಸರು ಹೊತ್ತ ಸಂಗತಿಗಳ ಮೇಲೆ ಇರಲಿ ಅಂದುಕೊಂಡೆ. ಸಲೀಸು ಕೆಲಸ, ಅಲ್ವಾ? ಹ್ಯಾಲಿ ಧೂಮಕೇತುವನ್ನು ಕಂಡುಹಿಡಿದವರು ಯಾರು, ಅವೊಗಾಡ್ರೊ ಸಂಖ್ಯೆಯನ್ನು ಲೆಕ್ಕ ಹಾಕಿದವರು ಯಾರು, ಹೀಗೆ ಇಪ್ಪತ್ತು ಪ್ರಶ್ನೆ ಗೀಚಿದೆ. ಉತ್ತರ ಒಮ್ಮೆ ತಾಳೆ ನೋಡೋಣ ಅಂತ ಕೂತೆ. ಅಲ್ಲಿಂದ ಶುರುವಾಯಿತು ಪಜೀತಿ.

ಹ್ಯಾಲಿ ಆ ಧೂಮಕೇತುವನ್ನು ಕಂಡುಹಿಡಿದೇ ಇಲ್ಲ. ಕ್ರಿ.ಪೂ. 240ರಲ್ಲೇ ಚೀನಾದವರು ಅದನ್ನು ನೋಡಿ ಬರೆದಿಟ್ಟಿದ್ದಾರೆ. ಅವೊಗಾಡ್ರೊ ತಮ್ಮ ಹೆಸರಿನ ಸಂಖ್ಯೆಯನ್ನು ಲೆಕ್ಕ ಹಾಕಿರಲಿಲ್ಲ. ಒಂದೇ ಉಷ್ಣತೆ, ಒಂದೇ ಒತ್ತಡ ಇದ್ದರೆ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಅಂತ 1811ರಲ್ಲಿ ಹೇಳಿದರು, ಅಷ್ಟೇ. ಎಷ್ಟಿರಬಹುದು ಅಂತ ಅಂದಾಜಿಗೆ ಕೈಹಾಕಿದ್ದು 1865ರಲ್ಲಿ ಲೋಷ್ಮಿಟ್. ಆ ಹೊತ್ತಿಗೆ ಅವೊಗಾಡ್ರೊ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಸಂಖ್ಯೆಗೆ ಅವರ ಹೆಸರಿಟ್ಟಿದ್ದು ಫ್ರಾನ್ಸಿನ ಪೆರಿನ್, ಅದೂ 1909ರಲ್ಲಿ.

ಇಪ್ಪತ್ತರಲ್ಲಿ ಹನ್ನೊಂದು ಪ್ರಶ್ನೆ ಹೊಡೆದುಹಾಕಿದ್ದೇನೆ. ಉಳಿದ ಒಂಬತ್ತರ ಮೇಲೂ ಈಗ ನಂಬಿಕೆ ಇಲ್ಲ. ತಿಳಿದವರು ದಾರಿ ತೋರಿಸಿ.

ಲೆಕ್ಕದಹುಳ

ಹನ್ನೊಂದೇ? ನಿಮ್ಮ ಅದೃಷ್ಟ ಚೆನ್ನಾಗಿದೆ.

ಇದಕ್ಕೂ ಒಂದು ನಿಯಮ ಇದೆ, ಸ್ಟಿಗ್ಲರ್ ನಿಯಮ ಅಂತ. ಯಾವ ವೈಜ್ಞಾನಿಕ ಶೋಧಕ್ಕೂ ಅದನ್ನು ಮೊದಲು ಕಂಡುಹಿಡಿದವರ ಹೆಸರು ಇರುವುದಿಲ್ಲ ಅನ್ನೋದೇ ಆ ನಿಯಮ. ಸಂಖ್ಯಾಶಾಸ್ತ್ರದ (ಸ್ಟ್ಯಾಟಿಸ್ಟಿಕ್ಸ್) ಪ್ರೊಫೆಸರ್ ಸ್ಟೀಫನ್ ಸ್ಟಿಗ್ಲರ್ 1980ರಲ್ಲಿ ಬರೆದದ್ದು. ಮಜಾ ಏನಂದರೆ, ಈ ಮಾತು ನನ್ನದಲ್ಲ, ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರದು ಅಂತ ಸ್ಟಿಗ್ಲರ್ ಅವರೇ ಒಪ್ಪಿಕೊಂಡಿದ್ದಾರೆ. ಹಾಗಾಗಿ ನಿಯಮಕ್ಕೆ ನಿಯಮವೇ ಸಾಕ್ಷಿ.

ಗೆದ್ದಲು ಕಟ್ಟಿದ ಹುತ್ತ, ಸೇರಿಕೊಂಡದ್ದು ಹಾವು. ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಲೊಪಿತಾಲ್ ನಿಯಮ. ಪಿಯುಸಿಯಲ್ಲಿ ಗಣಿತ ಓದಿದವರಿಗೆ ನೆನಪಿರಬಹುದು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಹಾಗೆ ಬಂದು ನಿಂತಾಗ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ಡಿಫರೆನ್ಷಿಯೇಟ್ ಮಾಡಿ ಪಾರಾಗುತ್ತೇವಲ್ಲ, ಅದು. ಲೊಪಿತಾಲ್ ಫ್ರಾನ್ಸಿನಲ್ಲಿ ಮಾರ್ಕ್ವಿಸ್ ಅನ್ನುವ ಪದವಿ ಇದ್ದ ಒಬ್ಬ ಸಿರಿವಂತ. ಗಣಿತದ ಹುಚ್ಚು ಇತ್ತು, ಕೈಯಲ್ಲಿ ದುಡ್ಡೂ ಇತ್ತು. ಯೊಹಾನ್ ಬೆರ್ನೂಲಿಯನ್ನು ಮೇಷ್ಟ್ರಾಗಿ ಇಟ್ಟುಕೊಂಡರು. 1694ರಲ್ಲಿ ಒಂದು ಕಾಗದ ಬರೆದರು: ವರ್ಷಕ್ಕೆ 300 ಲಿವ್ರ್ ಕೊಡುತ್ತೇನೆ, ಹೊಸದಾಗಿ ಕಂಡುಹಿಡಿದದ್ದನ್ನು ನನಗೆ ತಿಳಿಸಬೇಕು, ಬೇರೆಯವರಿಗೆ ತಿಳಿಸಬಾರದು. ಬೆರ್ನೂಲಿ ಒಪ್ಪಿದರು. ಎರಡು ವರ್ಷ ಬಿಟ್ಟು ಲೊಪಿತಾಲ್ ಪುಸ್ತಕ ತಂದರು, ನಿಯಮ ಅದರಲ್ಲಿತ್ತು. ಮುನ್ನುಡಿಯಲ್ಲಿ ಬೆರ್ನೂಲಿ ಸಹೋದರರಿಗೆ ಥ್ಯಾಂಕ್ಸ್ ಹೇಳಿದ್ದಾರೆ. ಆದರೆ ಯಾವುದು ಯಾರದು ಅಂತ ಬಿಡಿಸಿ ಹೇಳಿಲ್ಲ.

1704ರಲ್ಲಿ ಲೊಪಿತಾಲ್ ತೀರಿಕೊಂಡ ಮೇಲೆ ಬೆರ್ನೂಲಿ 'ಅದು ನನ್ನದು' ಅಂತ ಕೂಗಿಕೊಂಡರು. ಅವರಿಗೆ ಮೊದಲೇ ಜಗಳಗಂಟ ಅನ್ನೋ ಹೆಸರಿತ್ತು, ಜನ ನಂಬಲಿಲ್ಲ. ಅವರ ಪಾಠದ ಹಸ್ತಪ್ರತಿ ಬಾಸೆಲ್‌ನಲ್ಲಿ ಸಿಕ್ಕಿದ್ದು 1922ರಲ್ಲಿ. ನಿಯಮ ಅದರಲ್ಲೇ ಇತ್ತು. ಸತ್ಯ ಹೊರಗೆ ಬರಲು ಇನ್ನೂರು ವರ್ಷದ ಮೇಲೆ ಹಿಡಿಯಿತು. ಹೆಸರು ಮಾತ್ರ ಇವತ್ತಿಗೂ ಲೊಪಿತಾಲ್‌ದೇ.

ತಕರಾರು ತಮ್ಮಣ್ಣ

ಇಷ್ಟೆಲ್ಲ ಸುತ್ತಿ ಬಳಸಿ ಹೇಳೋದು ಯಾಕೆ? ಪೈಥಾಗೊರಸ್ ಪ್ರಮೇಯ ಬೌಧಾಯನ ಶುಲ್ಬಸೂತ್ರದಲ್ಲಿದೆ. ಮೇಲಿನ ಎರಡು ಸಂಖ್ಯೆ ಕೂಡಿ ಕೆಳಗಿನದನ್ನು ಬರೆಯುವ ಪಾಸ್ಕಲ್ ತ್ರಿಕೋನ ನಮ್ಮ ಮೇರು ಪ್ರಸ್ತಾರ. 1, 2, 3, 5, 8 ಅಂತ ಹಿಂದಿನ ಎರಡನ್ನು ಕೂಡಿ ಮುಂದಕ್ಕೆ ಹೋಗುವ ಫಿಬೊನಾಚಿ ಸರಣಿ ಹೇಮಚಂದ್ರರದು. ಎಲ್ಲ ಕದ್ದ ಮಾಲು. ರಸಪ್ರಶ್ನೆಯಲ್ಲಿ ಸರಿಯಾದ ಹೆಸರು ಹಾಕಿ, ಮುಗಿಯಿತು.

ಲೆಕ್ಕದಹುಳ

ತಮ್ಮಣ್ಣನವರೇ, ನಿಮ್ಮ ಮಾತಲ್ಲಿ ಅರ್ಧ ಸರಿ. ಆದರೆ 'ಕದ್ದರು' ಅನ್ನುವ ಕಡೆ ಎಡವುತ್ತೀರಿ.

ಪೈಥಾಗೊರಸ್ ಬದಲು ಬೌಧಾಯನ ಅಂತ ಹಾಕಿದರೆ ನಾಳೆ ಬ್ಯಾಬಿಲೋನಿನವರು ಬಂದು ಬಾಗಿಲು ತಟ್ಟುತ್ತಾರೆ. ಪ್ಲಿಂಪ್ಟನ್ 322 ಅನ್ನುವ ಜೇಡಿಮಣ್ಣಿನ ಹಲಗೆ ಹತ್ತಿರ ಹತ್ತಿರ ಕ್ರಿ.ಪೂ. 1800ರದು. ಅದರಲ್ಲಿ ಲಂಬಕೋನ ತ್ರಿಕೋನಗಳ ಅಂಕಿಗಳ ಪಟ್ಟಿಯೇ ಇದೆ. ಅದು ಇಬ್ಬರಿಗಿಂತಲೂ ಹಳೆಯದು. ಮೇರು ಪ್ರಸ್ತಾರದ್ದೂ ಇದೇ ಕತೆ. ಹಲಾಯುಧ ಹತ್ತನೇ ಶತಮಾನದಲ್ಲಿ ವಿವರಿಸಿದ್ದು ನಿಜ. ಅದೇ ತ್ರಿಕೋನವನ್ನು ಚೀನಾದಲ್ಲಿ ಯಾಂಗ್ ಹುಯಿ ಹೆಸರಿನಿಂದ, ಇರಾನಿನಲ್ಲಿ ಖಯ್ಯಾಂ ಹೆಸರಿನಿಂದ, ಇಟಲಿಯಲ್ಲಿ ತಾರ್ತಾಲ್ಯ ಹೆಸರಿನಿಂದ ಕರೆಯುತ್ತಾರೆ. ಒಂದೇ ತ್ರಿಕೋನ, ದೇಶಕ್ಕೊಂದು ಹೆಸರು.

ಹೇಮಚಂದ್ರರದು ಒಳ್ಳೆ ಉದಾಹರಣೆ, ಒಪ್ಪಿದೆ. ಲಘು ಗುರುಗಳ ಲೆಕ್ಕ ಹಾಕುತ್ತಾ 1150ರ ಆಸುಪಾಸಿನಲ್ಲೇ ಆ ಸರಣಿಯನ್ನು ಹೇಳಿದ್ದರು. ಫಿಬೊನಾಚಿ ಬರೆದದ್ದು 1202ರಲ್ಲಿ, ಮೊಲದ ಸಂತಾನದ ಲೆಕ್ಕವಾಗಿ. ಹೇಮಚಂದ್ರರಿಗೂ ಮುಂಚೆ ವಿರಹಾಂಕ ಇದ್ದರು, ಅದನ್ನೂ ಮರೆಯಬೇಡಿ.

ನಾನು ಎದೆ ತಟ್ಟಿ ಹೇಳುವುದು ಮಾಧವರ ಹೆಸರನ್ನು. 1 − 1/3 + 1/5 − 1/7 ಅಂತ ಕೂಡಿ ಕಳೆದು ಹೋದರೆ ಕೊನೆಗೆ ಪೈನ ಕಾಲು ಭಾಗ ಬರುತ್ತದೆ. ಲೈಬ್ನಿಟ್ಸ್ ಸರಣಿ ಅಂತ ಓದಿದ್ದೇವಲ್ಲ, ಅದೇ. ಕೇರಳದ ಸಂಗಮಗ್ರಾಮದ ಮಾಧವ ಇದನ್ನು ಕಂಡುಕೊಂಡಿದ್ದು ಲೈಬ್ನಿಟ್ಸ್‌ಗಿಂತ ಇನ್ನೂರೈವತ್ತು ವರ್ಷಕ್ಕೂ ಮೊದಲು. ನಾಲ್ಕು ಪದ ಕೂಡಿ ನಾಲ್ಕರಿಂದ ಗುಣಿಸಿ ನೋಡಿ, 2.895 ಬರುತ್ತದೆ. ಪೈಗೆ ಎಲ್ಲಿಂದೆಲ್ಲಿಗೂ ಹತ್ತಿರವಿಲ್ಲ. ಸರಣಿ ಆಮೆ ನಡಿಗೆಯದು ಅಂತ ಮಾಧವರಿಗೂ ಗೊತ್ತಿತ್ತು. ಅದಕ್ಕೇ ಕೊನೆಯಲ್ಲಿ ಸೇರಿಸುವ ತಿದ್ದುಪಡಿ ಪದವನ್ನೂ ಕೊಟ್ಟರು, ಬೇಗ ಓಡುವ ಇನ್ನೊಂದು ಸರಣಿಯನ್ನೂ ಕೊಟ್ಟರು. ಪೈನ ಬೆಲೆ ದಶಮಾಂಶದ ಹನ್ನೊಂದು ಸ್ಥಾನದವರೆಗೆ ಸರಿಯಾಗಿ ಸಿಕ್ಕಿತು. ಈ ಸರಣಿ ಯಾಕೆ ಸರಿ ಅನ್ನುವುದರ ಸಾಧನೆಯನ್ನು ಜ್ಯೇಷ್ಠದೇವರ 'ಯುಕ್ತಿಭಾಷಾ' ಮಲಯಾಳದಲ್ಲಿ ಬಿಡಿಸಿ ಬರೆದಿದೆ.

ಲೈಬ್ನಿಟ್ಸ್ ಇದನ್ನು ಕದ್ದರು ಅನ್ನಲು ಆಧಾರ ಇಲ್ಲ, ತಾವೇ ಮತ್ತೊಮ್ಮೆ ಕಂಡುಕೊಂಡರು. ಈಗ ಮಾಧವ-ಲೈಬ್ನಿಟ್ಸ್ ಸರಣಿ ಅಂತ ಬರೆಯುವವರು ಜಾಸ್ತಿ ಆಗುತ್ತಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತದೆ.

ತಕರಾರು ತಮ್ಮಣ್ಣ

ಸರಿ, 'ಕದ್ದ' ಅನ್ನೋದನ್ನು ವಾಪಸ್ ತಗೊಂಡೆ. ಮಾಧವರನ್ನು ಮಾತ್ರ ಬಿಟ್ಟುಕೊಡಲ್ಲ.

ಹಳೇ ಮೇಷ್ಟ್ರು

ಚರ್ಚೆ ಓದಿ ಖುಷಿಯಾಯಿತು. ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿದವನು ನಾನು. ಒಂದು ತಪ್ಪನ್ನು ಮೊದಲ ಹತ್ತು ವರ್ಷ ನಾನೇ ಹೇಳಿಕೊಟ್ಟಿದ್ದೇನೆ, ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. 'ಬ್ರೌನ್ ಅವರು ನೀರಿನಲ್ಲಿ ಪರಾಗರೇಣು ಕುಣಿಯುವುದನ್ನು ನೋಡಿದರು' ಅಂತ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಪಠ್ಯದಲ್ಲೂ ಹಾಗೇ ಇತ್ತು. ನಿಜವಾಗಿ ಪರಾಗರೇಣು ಹಾಗೆ ಕುಣಿಯುವುದಕ್ಕೆ ತೀರಾ ದಪ್ಪ. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ರೇಣುವಿನ ಒಳಗಿನಿಂದ ಹೊರಬಿದ್ದ ಇನ್ನೂ ಸಣ್ಣ ಕಣಗಳನ್ನು.

ಇಂಥ ಕುಣಿತ ಅವರಿಗಿಂತ ಮೊದಲೇ ಬೇರೆಯವರ ಕಣ್ಣಿಗೂ ಬಿದ್ದಿತ್ತು. 1785ರಲ್ಲಿ ಇಂಗನ್‌ಹೌಸ್ ಮದ್ಯಸಾರದ ಮೇಲೆ ಇದ್ದಿಲ ಪುಡಿ ಓಡಾಡುವುದನ್ನು ಬರೆದಿದ್ದರು. ಹಾಗಾದರೆ ಹೆಸರು ಬ್ರೌನ್‌ಗೆ ಯಾಕೆ? ಬ್ರೌನ್ ನೋಡಿ ಸುಮ್ಮನಾಗಲಿಲ್ಲ. ಜೀವ ಇರೋದಕ್ಕೆ ಕುಣಿಯುತ್ತಿವೆಯೋ ಅನ್ನೋ ಅನುಮಾನ ಬಂತು. ಸತ್ತು ಒಣಗಿದ ಗಿಡದ ಪರಾಗ ಹಾಕಿ ನೋಡಿದರು, ಕುಣಿಯಿತು. ಗಾಜಿನ ಪುಡಿ ಹಾಕಿದರು, ಕುಣಿಯಿತು. ಕಲ್ಲು ಅರೆದು ಹಾಕಿದರು. ಈಜಿಪ್ಟಿನ ಸ್ಫಿಂಕ್ಸಿನ ಒಂದು ಚೂರನ್ನೂ ಪುಡಿ ಮಾಡಿ ಹಾಕಿದರು! ಅದೂ ಕುಣಿಯಿತು. ಜೀವಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಗಟ್ಟಿಯಾಯಿತು. ಕಾರಣ ಏನು ಅಂತ ಅವರಿಗೆ ಗೊತ್ತಾಗಲಿಲ್ಲ. ಅದಕ್ಕೆ 1905ರ ಐನ್‌ಸ್ಟೈನ್ ಬರಬೇಕಾಯಿತು. ನೀರಿನ ಅಣುಗಳು ನಾಲ್ಕೂ ಕಡೆಯಿಂದ ಗುದ್ದುವುದರಿಂದ ಆ ಕುಣಿತ ಅಂತ ಲೆಕ್ಕ ಸಮೇತ ತೋರಿಸಿದರು.

ಮೊದಲು ಕಣ್ಣಿಗೆ ಬಿದ್ದವರಿಗಿಂತ, ಬಿಡದೆ ಬೆನ್ನು ಹತ್ತಿದವರಿಗೆ ಹೆಸರು ಹೋಗುತ್ತದೆ ಅಂತ ನನ್ನ ಎಣಿಕೆ.

ರಾಮನ್ ಪರಿಣಾಮವನ್ನೇ ನೋಡಿ. ಚದುರಿದ ಬೆಳಕಿನಲ್ಲಿ ಬಣ್ಣ ಬದಲಾಗಬಹುದು ಅಂತ ಸ್ಮೇಕಲ್ 1923ರಲ್ಲೇ ಕಾಗದದ ಮೇಲೆ ಹೇಳಿದ್ದರು. ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ 1928ರ ಫೆಬ್ರವರಿ 21ಕ್ಕೆ ಸ್ಫಟಿಕದಲ್ಲಿ ಅದನ್ನು ಕಂಡರು. ಕೋಲ್ಕತ್ತದಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಖಚಿತ ಮಾಡಿಕೊಂಡದ್ದು ಫೆಬ್ರವರಿ 28ಕ್ಕೆ. ಒಂದು ವಾರದ ವ್ಯತ್ಯಾಸ! ಆದರೆ ರಾಮನ್ ಮಾರನೇ ದಿನವೇ ಪತ್ರಿಕೆಗಳಿಗೆ ತಿಳಿಸಿದರು. ಮಾಸ್ಕೋದವರು ಬರೆದು ಕಳಿಸುವಾಗ ಮೇ ತಿಂಗಳಾಗಿತ್ತು. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ರಷ್ಯಾದವರು ಇವತ್ತಿಗೂ ಅದನ್ನು ರಾಮನ್ ಹೆಸರಿನಿಂದ ಕರೆಯದೆ 'ಸಂಯೋಜನಾ ಚದುರಿಕೆ' ಅನ್ನುವ ಅರ್ಥದ ಮಾತು ಬಳಸುತ್ತಾರೆ.

ನನಗೆ ಕೃಷ್ಣನ್ ನೆನಪಾಗುತ್ತಾರೆ. ಸೂರ್ಯನ ಬೆಳಕನ್ನು ನೀಲಿ-ನೇರಳೆ ಗಾಜಿನಲ್ಲಿ ಸೋಸಿ, ಶುದ್ಧ ಮಾಡಿದ ದ್ರವದೊಳಗೆ ಬಿಟ್ಟು, ಪಕ್ಕದಿಂದ ಹಸಿರು ಗಾಜು ಹಿಡಿದು ನೋಡುವುದು. ಬಣ್ಣ ಬದಲಾಗದಿದ್ದರೆ ಏನೂ ಕಾಣಬಾರದು, ಕತ್ತಲೆ. ಅಲ್ಲೊಂದು ಮಂದ ಹೊಳಪು ಕಂಡಿತು. ಕತ್ತಲೆ ಕೋಣೆಯಲ್ಲಿ ಕಣ್ಣು ಪಳಗಿಸಿಕೊಂಡು ಕೂತು ಅದನ್ನು ಒಂದೊಂದು ದ್ರವದಲ್ಲೂ ನೋಡಿ ಬರೆದವರಲ್ಲಿ ಕೃಷ್ಣನ್ ಮುಖ್ಯರು. ಮೊದಲ ಪತ್ರದಲ್ಲಿ ಇಬ್ಬರ ಹೆಸರೂ ಇದೆ. ಪರಿಣಾಮಕ್ಕೆ ಒಂದೇ ಹೆಸರು ಉಳಿಯಿತು.

ಹೊಸಬಳು

ಮೇಷ್ಟ್ರೇ, ನಾನು ಡಿಗ್ರಿ ಮೊದಲ ವರ್ಷ. ಬಿಡದೆ ಬೆನ್ನು ಹತ್ತಿದವರಿಗೆ ಹೆಸರು ಅಂದಿರಿ, ಎಂಪೆಂಬಾ ಪರಿಣಾಮ ಅದಕ್ಕೆ ಸರಿಹೊಂದುತ್ತದಾ? ಬಿಸಿನೀರು ತಣ್ಣೀರಿಗಿಂತ ಬೇಗ ಹೆಪ್ಪುಗಟ್ಟುತ್ತೆ ಅನ್ನುತ್ತಾರಲ್ಲ, ಅದು ನಿಜವೇ?

ಹಳೇ ಮೇಷ್ಟ್ರು

ನೋಡಮ್ಮ, ಕತೆ ಮಾತ್ರ ನೂರಕ್ಕೆ ನೂರು ನಿಜ. ಪರಿಣಾಮದ ಬಗ್ಗೆ ಇನ್ನೂ ಜಗಳ ಇದೆ.

ಎರಾಸ್ಟೊ ಎಂಪೆಂಬಾ 1963ರಲ್ಲಿ ಈಗಿನ ಟಾಂಜಾನಿಯಾದ ಒಬ್ಬ ಶಾಲಾ ಹುಡುಗ. ಶಾಲೆಯಲ್ಲಿ ಐಸ್‌ಕ್ರೀಂ ಮಾಡುತ್ತಿದ್ದರು. ಹಾಲು ಕಾಯಿಸಿ, ಆರಿಸಿ, ಆಮೇಲೆ ಫ್ರೀಜರಿನಲ್ಲಿ ಇಡಬೇಕು. ಜಾಗ ಕಮ್ಮಿ, ಹುಡುಗರು ಜಾಸ್ತಿ. ಜಾಗ ತಪ್ಪಿಹೋದೀತು ಅಂತ ಇವನು ಬಿಸಿ ಬಿಸಿ ಇದ್ದದ್ದನ್ನೇ ಒಳಗಿಟ್ಟ. ನೋಡಿದರೆ ಇವನದೇ ಮೊದಲು ಗಟ್ಟಿಯಾಯಿತು. ಮೇಷ್ಟ್ರನ್ನು ಕೇಳಿದರೆ ನಕ್ಕುಬಿಟ್ಟರು. ಅದು ಲೋಕದ ಭೌತವಿಜ್ಞಾನ ಅಲ್ಲ, ಎಂಪೆಂಬಾ ಭೌತವಿಜ್ಞಾನ ಅಂದರು. ಆಮೇಲೆ ಕ್ಲಾಸಿನಲ್ಲಿ ಏನು ತಪ್ಪು ಮಾಡಿದರೂ ಇದೇ ಗೇಲಿ.

ಮುಂದೆ ಡೆನಿಸ್ ಆಸ್ಬರ್ನ್ ಅನ್ನುವ ಕಾಲೇಜು ಪ್ರಾಧ್ಯಾಪಕರು ಶಾಲೆಗೆ ಉಪನ್ಯಾಸ ಕೊಡಲು ಬಂದರು. ಹುಡುಗ ಎದ್ದು ನಿಂತು ಕೇಳಿದ: ಒಂದರಲ್ಲಿ 35 ಡಿಗ್ರಿ ನೀರು, ಇನ್ನೊಂದರಲ್ಲಿ 100 ಡಿಗ್ರಿ ನೀರು ಇಟ್ಟರೆ 100 ಡಿಗ್ರಿಯದು ಮೊದಲು ಹೆಪ್ಪುಗಟ್ಟುತ್ತೆ, ಯಾಕೆ? ಎಲ್ಲರೂ ನಕ್ಕರು. ಆಸ್ಬರ್ನ್ ನಗಲಿಲ್ಲ. ವಾಪಸ್ ಹೋಗಿ ಪ್ರಯೋಗ ಮಾಡಿಸಿದರು. 1969ರಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಬಂತು. ಗೇಲಿ ಮಾಡಲು ಬಳಸಿದ ಹೆಸರೇ ಆಮೇಲೆ ಪುಸ್ತಕದ ಹೆಸರಾಯಿತು. ಹೀಗೆ ಆಗುತ್ತೆ ಅಂತ ಅರಿಸ್ಟಾಟಲ್, ಬೇಕನ್, ಡೆಕಾರ್ಟೆ ಮೊದಲೇ ಬರೆದಿದ್ದರು. ಅವರ ಹೆಸರು ಇದಕ್ಕೆ ಅಂಟಲಿಲ್ಲ.

ನಿಜವೇ ಅಂದೆಯಲ್ಲ. 2016ರಲ್ಲಿ ಇಬ್ಬರು ಸಂಶೋಧಕರು ಬಹಳ ಹುಷಾರಾಗಿ ಅಳೆದು ನೋಡಿದರು. ಅವರಿಗೆ ಅಂಥ ಪರಿಣಾಮವೇ ಕಾಣಲಿಲ್ಲ. ಉಷ್ಣತಾಮಾಪಕವನ್ನು ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಮಾಡಿದರೂ ಫಲಿತಾಂಶ ಅದಲುಬದಲಾಗಬಹುದು ಅಂತ ತೋರಿಸಿದರು. 'ಹೆಪ್ಪುಗಟ್ಟುವುದು' ಅಂದರೆ ಸೊನ್ನೆ ಡಿಗ್ರಿ ಮುಟ್ಟುವುದೋ, ಮೊದಲ ಹರಳು ಕಾಣುವುದೋ, ಪೂರ್ತಿ ಗಟ್ಟಿಯಾಗುವುದೋ? ಅದರಲ್ಲೇ ಒಮ್ಮತ ಇಲ್ಲ.

ಸುಮ್ನೆ ಓದುಗ

ನಾನು ಒಮ್ಮೆ ಮನೆಯ ಫ್ರಿಜ್ಜಿನಲ್ಲಿ ಮಾಡಿ ನೋಡಿದ್ದೆ. ಎರಡು ಸ್ಟೀಲ್ ಲೋಟ, ಅಳೆದು ನೀರು. ಮೊದಲ ಸಲ ಬಿಸಿನೀರೇ ಗೆದ್ದಿತು. ಕುಣಿದಾಡಿಬಿಟ್ಟೆ. ಎರಡನೇ ಸಲ ತಣ್ಣೀರು ಗೆದ್ದಿತು. ಮೂರನೇ ಸಲವೂ ತಣ್ಣೀರೇ. ಆಮೇಲೆ ಹೊಳೆಯಿತು. ಮೊದಲ ಸಲ ಒಳಗೆ ಹಿಮದ ಪದರ ಇತ್ತು. ಬಿಸಿ ಲೋಟ ಅದನ್ನು ಕರಗಿಸಿಕೊಂಡು ಕೆಳಗಿನ ತಣ್ಣನೆ ಲೋಹಕ್ಕೆ ಅಂಟಿ ಕೂತಿತ್ತು. ತಣ್ಣೀರಿನ ಲೋಟ ಹಿಮದ ಮೇಲೇ ಕೂತಿತ್ತು, ಹಾಸಿಗೆ ಮೇಲೆ ಕೂತ ಹಾಗೆ. ಎರಡನೇ ಸಲ ಹಿಮ ಒರೆಸಿಟ್ಟಿದ್ದೆ.

ಹೊಸಬಳು

ಅಯ್ಯೋ, ಇದು ಚೆನ್ನಾಗಿದೆ. ಅಂದರೆ ಇನ್ನೂ ಗಟ್ಟಿಯಾಗದ ಸಂಗತಿಗೂ ಹೆಸರು ಗಟ್ಟಿಯಾಗಿಬಿಟ್ಟಿದೆ!

ನಕ್ಷತ್ರಿಕ

ಹ್ಯಾಲಿ ಪರವಾಗಿ ಎರಡು ಮಾತು. ಅವರು ಧೂಮಕೇತುವನ್ನು ಕಂಡುಹಿಡಿಯಲಿಲ್ಲ, ಸರಿ. 1531, 1607, 1682ರಲ್ಲಿ ಬಂದ ಮೂರು ಧೂಮಕೇತುಗಳ ದಾರಿ ಒಂದೇ ಥರ ಇದೆ ಅಂತ ಕಂಡುಕೊಂಡರು. ಮೂರಲ್ಲ, ಒಂದೇ ಇರಬೇಕು, 1758ಕ್ಕೆ ಮತ್ತೆ ಬರುತ್ತೆ ಅಂತ 1705ರಲ್ಲಿ ಬರೆದರು. ಆಗ ಅವರಿಗೆ 48 ವರ್ಷ. ತಾವು ನೋಡಲು ಇರುವುದಿಲ್ಲ ಅಂತ ಗೊತ್ತಿದ್ದೇ ಹೇಳಿದ ಮಾತು. 1742ರಲ್ಲಿ ತೀರಿಕೊಂಡರು. 1758ರ ಡಿಸೆಂಬರ್ 25ರ ರಾತ್ರಿ ಜರ್ಮನಿಯ ಪಾಲಿಚ್ ಅನ್ನುವ ರೈತರೊಬ್ಬರು ಅದನ್ನು ಮೊದಲು ಕಂಡರು. ಆ ಹೆಸರನ್ನು ಹ್ಯಾಲಿ ದುಡಿದು ಗಳಿಸಿದ್ದಾರೆ ಅಂತ ನಾನು ವಾದ ಮಾಡುತ್ತೇನೆ.

ಆದರೆ ಇದೇ ಕತೆಯಲ್ಲಿ ಒಂದು ಹೆಸರು ಕಳೆದುಹೋಗಿದೆ. ಗುರು, ಶನಿ ಗ್ರಹಗಳು ಎಳೆಯುವುದರಿಂದ ಧೂಮಕೇತು ಎಷ್ಟು ತಡವಾಗುತ್ತೆ ಅಂತ ಫ್ರಾನ್ಸಿನಲ್ಲಿ ಮೂವರು ಲೆಕ್ಕ ಹಾಕಿದರು: ಕ್ಲೇರೋ, ಲಲಾಂಡ್ ಮತ್ತು ನಿಕೋಲ್ ರೇನ್ ಲೆಪೋಟ್ ಅನ್ನುವ ಮಹಿಳೆ. ಆರು ತಿಂಗಳು, ಬೆಳಗ್ಗೆಯಿಂದ ರಾತ್ರಿವರೆಗೆ, ಬರೀ ಕೈಲೆಕ್ಕ. 618 ದಿನ ತಡ ಅಂತ ಬಂತು. ಸೂರ್ಯನ ಹತ್ತಿರಕ್ಕೆ 1759ರ ಏಪ್ರಿಲ್ ಮಧ್ಯದಲ್ಲಿ ಬರುತ್ತೆ ಅಂದರು, ಬಂದದ್ದು ಮಾರ್ಚ್ 13ಕ್ಕೆ. ಬರೀ ಒಂದು ತಿಂಗಳ ವ್ಯತ್ಯಾಸ. ಕ್ಲೇರೋ ಮುಂದೆ ಪುಸ್ತಕ ತಂದಾಗ ಲೆಪೋಟ್ ಹೆಸರನ್ನು ಕೈಬಿಟ್ಟರು. ಆಕೆ ಬೆನ್ನು ಹತ್ತಲಿಲ್ಲವೇ, ಮೇಷ್ಟ್ರೇ?

ಹಳೇ ಮೇಷ್ಟ್ರು

ಹತ್ತಿದ್ದರು. ಈ ಏಟು ಸರಿಯಾಗಿ ಬಿತ್ತು.

ನಕ್ಷತ್ರಿಕ

ಹೆನ್ರಿಯೆಟಾ ಲೆವಿಟ್ ಅವರದೂ ಹಾಗೇ. ಹಾರ್ವರ್ಡಿನ ವೀಕ್ಷಣಾಲಯದಲ್ಲಿ ಗಾಜಿನ ಫೋಟೋ ಫಲಕಗಳನ್ನು ಒಂದರ ಪಕ್ಕ ಒಂದಿಟ್ಟು ನಕ್ಷತ್ರಗಳ ಚುಕ್ಕಿಯ ಗಾತ್ರ ಹೋಲಿಸಿ ನೋಡುವ ಕೆಲಸ. 1912ರಲ್ಲಿ 25 ನಕ್ಷತ್ರ ಹಿಡಿದು ತೋರಿಸಿದರು: ಮಿಣುಕುವ ಅವಧಿ ಜಾಸ್ತಿ ಆದಷ್ಟೂ ನಿಜವಾದ ಪ್ರಕಾಶವೂ ಜಾಸ್ತಿ. ಆಕಾಶದ ದೂರ ಅಳೆಯುವ ಗಜಕೋಲು ಸಿಕ್ಕಿತು. ಅದನ್ನೇ ಹಿಡಿದು ಹಬಲ್ ಗೆಲಾಕ್ಸಿಗಳ ದೂರ ಅಳೆದರು. ಹಬಲ್ ಹೆಸರಿನಲ್ಲಿ ನಿಯಮ ಇದೆ, ದೂರದರ್ಶಕ ಇದೆ. 'ಲೆವಿಟ್ ನಿಯಮ' ಅಂತ ಈಚೆಗೆ ಕೆಲವರು ಹೇಳಲು ಶುರುಮಾಡಿದ್ದಾರೆ, ಅಷ್ಟೇ.

ಹೆಂಗಸರ ಕೆಲಸ ಗಂಡಸರ ಖಾತೆಗೆ ಜಮಾ ಆಗುವುದಕ್ಕೂ ಒಂದು ಹೆಸರಿದೆ. ಮಟಿಲ್ಡಾ ಪರಿಣಾಮ ಅಂತ, ಇತಿಹಾಸಕಾರ್ತಿ ಮಾರ್ಗರೆಟ್ ರಾಸಿಟರ್ 1993ರಲ್ಲಿ ಇಟ್ಟದ್ದು.

ಹಾಂ, ಗೆಲಾಕ್ಸಿ ದೂರ ಇದ್ದಷ್ಟೂ ಬೇಗ ನಮ್ಮಿಂದ ದೂರ ಸರಿಯುತ್ತದೆ ಅನ್ನುವ ಹಬಲ್ ನಿಯಮದ ಹೆಸರೇ ಬದಲಾಗಿದೆ. ಬೆಲ್ಜಿಯಂನ ಪಾದ್ರಿ ಲೆಮೆಟ್ರ್ 1927ರಲ್ಲೇ ವಿಶ್ವ ಹಿಗ್ಗುವುದನ್ನು ಲೆಕ್ಕ ಹಾಕಿ ಫ್ರೆಂಚಿನಲ್ಲಿ ಬರೆದಿದ್ದರು. ಹಬಲ್ ಬರೆದದ್ದು 1929ರಲ್ಲಿ. 1931ರ ಇಂಗ್ಲಿಷ್ ಅನುವಾದದಲ್ಲಿ ಲೆಮೆಟ್ರ್ ಅವರ ಮುಖ್ಯ ಪ್ಯಾರಾ ಮಾಯವಾಗಿತ್ತು. ಯಾರೋ ಬೇಕೆಂದೇ ಕತ್ತರಿಸಿದ್ದಾರೆ ಅಂತ ಜನ ಅನುಮಾನ ಪಟ್ಟಿದ್ದೇ ಪಟ್ಟಿದ್ದು. 2011ರಲ್ಲಿ ಹಳೇ ಪತ್ರ ಸಿಕ್ಕಿತು. ಅನುವಾದ ಮಾಡಿದ್ದು ಲೆಮೆಟ್ರ್ ಅವರೇ, ಬಿಟ್ಟಿದ್ದೂ ಅವರೇ! ಈಗ ಹಳೇದಾಯಿತು, ಬೇಡ ಅಂದುಕೊಂಡಿದ್ದರು. 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಸದಸ್ಯರ ಮತ ಕೇಳಿತು. ಶೇಕಡಾ 78 ಮಂದಿ ಹಬಲ್-ಲೆಮೆಟ್ರ್ ನಿಯಮ ಅನ್ನೋಣ ಅಂದರು.

ತಕರಾರು ತಮ್ಮಣ್ಣ

ನಿಯಮಕ್ಕೂ ಎಲೆಕ್ಷನ್ನಾ!

ಸ್ಟೆತೊಸ್ಕೋಪು

ನಮ್ಮ ಕಡೆಯೂ ಬನ್ನಿ. ಕಾಯಿಲೆಗಳಿಗೆ ಇರುವಷ್ಟು ಹೆಸರು ಇನ್ಯಾವುದಕ್ಕೂ ಇಲ್ಲ.

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೂ ಸಾಲ್ಮನ್ ಮೀನಿಗೂ ಸಂಬಂಧ ಇಲ್ಲ. ಡೇನಿಯಲ್ ಸಾಲ್ಮನ್ ಅನ್ನುವ ಪಶುವೈದ್ಯರ ಹೆಸರು. ಕಂಡುಹಿಡಿದದ್ದು ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್. ಸಾಹೇಬರ ಹೆಸರು ಉಳಿಯಿತು, ದುಡಿದವರದು ಹೋಯಿತು. ಕೆಲಸಕ್ಕೆ ಹೋಗುವ ಎಲ್ಲರಿಗೂ ಅರ್ಥವಾಗುವ ಕತೆ.

ಕ್ರಿಸ್ಮಸ್ ಕಾಯಿಲೆ ಅಂತ ಒಂದಿದೆ, ರಕ್ತ ಹೆಪ್ಪುಗಟ್ಟದ ಹಿಮೊಫಿಲಿಯಾದ ಒಂದು ಬಗೆ. ಅದು ಹಬ್ಬದ ಹೆಸರಲ್ಲ. ಸ್ಟೀಫನ್ ಕ್ರಿಸ್ಮಸ್ ಅನ್ನುವ ಪುಟ್ಟ ಹುಡುಗನ ಹೆಸರು. ವೈದ್ಯರ ಹೆಸರು ಬರುವ ಜಾಗದಲ್ಲಿ ರೋಗಿಯ ಹೆಸರು ಬಂದ ಅಪರೂಪದ ಸಂಗತಿ. 1952ರಲ್ಲಿ ಆ ಲೇಖನ ಅಚ್ಚಾದದ್ದೂ ಪತ್ರಿಕೆಯ ಕ್ರಿಸ್ಮಸ್ ಸಂಚಿಕೆಯಲ್ಲೇ.

ಹೆಸರು ಕಿತ್ತುಹಾಕಿದ್ದೂ ಇದೆ. ರಕ್ತನಾಳ ಊದಿಕೊಳ್ಳುವ ಒಂದು ಕಾಯಿಲೆಗೆ ವೆಗೆನರ್ ಹೆಸರಿತ್ತು. ಅವರು ನಾಜಿ ಪಕ್ಷದವರು ಅಂತ ಗೊತ್ತಾದ ಮೇಲೆ 2011ರಲ್ಲಿ ವೈದ್ಯರ ಸಂಘಗಳು ಹೊಸ ಹೆಸರು ಸೂಚಿಸಿದವು: ಗ್ರಾನ್ಯುಲೊಮಾಟೋಸಿಸ್ ವಿತ್ ಪಾಲಿಆಂಜೈಟಿಸ್. ನ್ಯಾಯವಾಗಿ ಸರಿಯಾದ ಕೆಲಸ. ಕೇಸ್ ಶೀಟಿನಲ್ಲಿ ದಿನಾ ಬರೆಯುವ ನನ್ನ ಕೈಗೆ ಮಾತ್ರ ಶಿಕ್ಷೆ.

ಈಗ ಹೊಸ ಕಾಯಿಲೆಗೆ ಮನುಷ್ಯರ ಹೆಸರು, ಊರಿನ ಹೆಸರು ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಹೇಳುತ್ತಿದೆ.

ಸುಮ್ನೆ ಓದುಗ

ಲೀಟರ್ ಯಾರ ಹೆಸರು ಗೊತ್ತಾ? ಕ್ಲಾಡ್ ಲೀಟರ್ ಅನ್ನುವ ಫ್ರೆಂಚ್ ವಿಜ್ಞಾನಿಯದು.

ಹಳೇ ಮೇಷ್ಟ್ರು

ನಮ್ಮನ್ನೇ ಗುಂಡಿಗೆ ಕೆಡವುತ್ತೀರಾ? ಅಂಥ ಮನುಷ್ಯ ಇರಲೇ ಇಲ್ಲ. ಲೀಟರಿನ ಚಿಹ್ನೆಯಾದ ಇಂಗ್ಲಿಷ್ ಚಿಕ್ಕ ಎಲ್ ಅಕ್ಷರ 1 ಅನ್ನುವ ಅಂಕಿಯ ಥರ ಕಾಣುತ್ತೆ, ದೊಡ್ಡಕ್ಷರ ಬಳಸೋಣ ಅನ್ನುವ ಬೇಡಿಕೆ ಇತ್ತು. ಮಾನಗಳಲ್ಲಿ ಮನುಷ್ಯರ ಹೆಸರಿಂದ ಬಂದ ಚಿಹ್ನೆಗೆ ಮಾತ್ರ ದೊಡ್ಡಕ್ಷರ ಅನ್ನೋದು ಪದ್ಧತಿ. ಸರಿ, ಒಬ್ಬ ಮನುಷ್ಯನನ್ನೇ ಹುಟ್ಟಿಸಿಬಿಡೋಣ ಅಂತ ಕೆನಡಾದ ಪ್ರಾಧ್ಯಾಪಕರೊಬ್ಬರು 1978ರಲ್ಲಿ ಏಪ್ರಿಲ್ ಫೂಲ್ ಮಾಡಲು ಆ ಜೀವನಚರಿತ್ರೆ ಬರೆದರು. ಎಷ್ಟೋ ಜನ ನಿಜ ಅಂತ ನಂಬಿದರು.

ಕೆಲ್ವಿನ್ ಹೆಸರೂ ವಿಚಿತ್ರವೇ. ಅವರ ಹುಟ್ಟು ಹೆಸರು ವಿಲಿಯಂ ಥಾಮ್ಸನ್. ಲಾರ್ಡ್ ಪದವಿ ಬಂದಾಗ ಗ್ಲಾಸ್ಗೋ ವಿಶ್ವವಿದ್ಯಾಲಯದ ಪಕ್ಕ ಹರಿಯುವ ಕೆಲ್ವಿನ್ ಹೊಳೆಯ ಹೆಸರು ತಗೊಂಡರು. ಉಷ್ಣತೆಯ ಮಾನಕ್ಕೆ ಕೊನೆಗೆ ಬಂದು ಕೂತದ್ದು ಹೊಳೆಯ ಹೆಸರು.

ಹೊಸಬಳು

ಇನ್ನೊಂದು ನನ್ನ ಕಡೆಯಿಂದ. 2012ರ ಜುಲೈ 4ಕ್ಕೆ ಹಿಗ್ಸ್ ಬೋಸಾನ್ ಅನ್ನುವ ಕಣ ಸಿಕ್ಕಿತು ಅಂದಾಗ ಎಲ್ಲರ ಬಾಯಲ್ಲೂ ಹಿಗ್ಸ್. ಬೋಸಾನ್ ಅನ್ನೋದರಲ್ಲಿ ಸತ್ಯೇಂದ್ರನಾಥ ಬೋಸ್ ಇದ್ದಾರೆ ಅಂತ ನನಗೆ ಆಮೇಲೆ ಗೊತ್ತಾಗಿದ್ದು. ಢಾಕಾದಿಂದ 1924ರಲ್ಲಿ ಐನ್‌ಸ್ಟೈನ್‌ಗೆ ಲೇಖನ ಕಳಿಸಿದರು, ಐನ್‌ಸ್ಟೈನ್ ಅವರೇ ಜರ್ಮನ್‌ಗೆ ಅನುವಾದ ಮಾಡಿ ಅಚ್ಚು ಮಾಡಿಸಿದರು. ಬೋಸಾನ್ ಅನ್ನುವ ಹೆಸರು ಕೊಟ್ಟಿದ್ದು ಡಿರಾಕ್. ಬೋಸ್‌ಗೆ ನೊಬೆಲ್ ಬರಲಿಲ್ಲ. ಆದರೆ ಜಗತ್ತಿನ ಕಣಗಳ ಎರಡು ದೊಡ್ಡ ಗುಂಪುಗಳಲ್ಲಿ ಒಂದಕ್ಕೆ ಅವರ ಹೆಸರು. ನನ್ನನ್ನು ಕೇಳಿದರೆ ನಾನು ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ.

ಬೆಳಕಿನಕಿಂಡಿ

ಎಲ್ಲರಿಗೂ ವಂದನೆ. ಮೂರು ದಿನ ಕೂತು ಪೂರ್ತಿ ಸುತ್ತನ್ನು ಮತ್ತೆ ಬರೆದೆ. 'ಕಂಡುಹಿಡಿದವರು ಯಾರು' ಅನ್ನುವ ಪ್ರಶ್ನೆ ಒಂದೂ ಇಲ್ಲ. ಬದಲಿಗೆ ಹೀಗೆ: ಹ್ಯಾಲಿ ಕಂಡುಹಿಡಿಯದಿದ್ದರೂ ಧೂಮಕೇತುವಿಗೆ ಅವರ ಹೆಸರು ಯಾಕೆ ಬಂತು? ಬ್ರೌನ್ ಸ್ಫಿಂಕ್ಸಿನ ಚೂರನ್ನು ಪುಡಿ ಮಾಡಿದ್ದು ಯಾಕೆ? ಇವುಗಳಲ್ಲಿ ಯಾವುದು ಮನುಷ್ಯರ ಹೆಸರಲ್ಲ: ವೋಲ್ಟ್, ವ್ಯಾಟ್, ಲೀಟರ್, ಓಮ್?

ಒಂದು ತೊಂದರೆ. ಉತ್ತರ ಹೇಳಲು ಒಂದೊಂದು ತಂಡಕ್ಕೂ ಅರ್ಧ ನಿಮಿಷ ಮಾತ್ರ. 'ಯಾಕೆ' ಅನ್ನುವ ಪ್ರಶ್ನೆಗೆ ಅದು ಸಾಲುವುದಿಲ್ಲ. ಕೊನೆಗೆ ಎಲ್ಲ ತಂಡಗಳೂ ಕೂತಲ್ಲೇ ಮಾಡುವಂಥ ಒಂದು ಪ್ರಶ್ನೆ ಇದ್ದರೆ ಚೆನ್ನಾಗಿತ್ತು.

ಲೆಕ್ಕದಹುಳ

ಕಾಪ್ರೇಕರ್ ಸ್ಥಿರಾಂಕ ಹಾಕಿ. ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ.ಆರ್. ಕಾಪ್ರೇಕರ್ 1949ರಲ್ಲಿ ಮುಂದಿಟ್ಟದ್ದು. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತಗೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಅಲ್ಲಾಡುವುದಿಲ್ಲ.

ಇದನ್ನು ಹೇಳಲು ಕಾಗದ, ಪೆನ್ಸಿಲ್ ಬಿಟ್ಟು ಇನ್ನೇನೂ ಬೇಡ. ಹೆಸರಿನ ಬಗ್ಗೆ ನನಗೆ ಗೊತ್ತಿರುವ ಮಟ್ಟಿಗೆ ಜಗಳವೂ ಇಲ್ಲ.

ತಕರಾರು ತಮ್ಮಣ್ಣ

ಅನುಮಾನ ಬಂದು ರಾಮನ್ ಅವರ 1928 ಹಾಕಿ ನೋಡಿದೆ. 9821ರಿಂದ 1289 ಕಳೆದರೆ 8532. ಅದರಿಂದ 2358 ಕಳೆದರೆ 6174. ಎರಡೇ ಹೆಜ್ಜೆ! ಏಳು ಹೆಜ್ಜೆ ಎಲ್ಲಿಂದ ಬಂತು?

ಹೊಸಬಳು

ಐನ್‌ಸ್ಟೈನ್ ಅವರ 1905 ಹಾಕಿ ನೋಡಿ ಸರ್. 9351, 8172, 7443, 3996, 6264, 4176, 6174. ಸರಿಯಾಗಿ ಏಳು.

ಬೆಳಕಿನಕಿಂಡಿ

ಇಪ್ಪತ್ತನೇ ಪ್ರಶ್ನೆ ಸಿಕ್ಕಿತು. 1905ನ್ನೇ ಕೊಡುತ್ತೇನೆ, ಮಕ್ಕಳು ಸ್ವಲ್ಪ ಬೆವರಲಿ.